ಸಿಕ್ಕಿದ ಕಲ್ಲು ಯಾವುದು? ಹವ್ಯಾಸಿ ಖನಿಜ ಅನ್ವೇಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲೊಂದನ್ನು ಗುರುತಿಸುವ ಕೆಲಸ ಬಹುಪಾಲು ತಳ್ಳಿಹಾಕುವ ಕೆಲಸ. ಇದು ಏನಿರಬಹುದು ಎಂದು ಕೇಳುವುದಕ್ಕಿಂತ ಏನಾಗಿರಲು ಸಾಧ್ಯವಿಲ್ಲ ಎಂದು ಒಂದೊಂದೇ ಪರೀಕ್ಷೆಯಿಂದ ಕಂಡುಕೊಳ್ಳುತ್ತ ಹೋದರೆ, ಕೊನೆಗೆ ಎರಡು ಮೂರು ಹೆಸರುಗಳಷ್ಟೇ ಉಳಿಯುತ್ತವೆ. ಕೆಳಗಿನ ಉತ್ತರಗಳಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಉಕ್ಕಿನ ಚಾಕು, ಮೆರುಗಿಲ್ಲದ ಪಿಂಗಾಣಿ ಬಿಲ್ಲೆ, ಸಾಧಾರಣ ಆಯಸ್ಕಾಂತ ಮತ್ತು ಒಂದು ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ಕಲ್ಲು ಸಿಕ್ಕ ಕೂಡಲೇ ಮೊದಲು ಮಾಡಬೇಕಾದ ಕೆಲಸ ಯಾವುದು?

ಸಿಕ್ಕ ಜಾಗವನ್ನು ಬರೆದಿಡುವುದು. ಇದನ್ನು ನಾನು ಬೇರೆಲ್ಲ ಪರೀಕ್ಷೆಗಳಿಗಿಂತ ಮೇಲೆ ಇಡುತ್ತೇನೆ, ಏಕೆಂದರೆ ಗಡಸುತನವನ್ನೂ ತೂಕವನ್ನೂ ಯಾವಾಗ ಬೇಕಾದರೂ ಅಳೆಯಬಹುದು, ಆದರೆ ಚೀಲದೊಳಗೆ ಸೇರಿದ ಮೇಲೆ ಕಲ್ಲು ಎಲ್ಲಿಂದ ಬಂತೆಂಬುದನ್ನು ಕಲ್ಲಿನಿಂದಲೇ ತಿಳಿಯುವುದು ಕಷ್ಟ. ಅಕ್ಷಾಂಶ, ರೇಖಾಂಶಗಳ ಜೊತೆಗೆ ಅದು ತಳಬಂಡೆಯಿಂದ ಬಿಡಿಸಿದ್ದೋ, ಬಂಡೆಯ ಬುಡದಲ್ಲಿ ಉದುರಿ ಬಿದ್ದಿದ್ದೋ, ನೀರಿನಲ್ಲಿ ಉರುಳಿ ಬಂದದ್ದೋ ಎಂಬುದನ್ನೂ ಬರೆಯಬೇಕು. ಅಂಚುಗಳು ಚೂಪಾಗಿರುವ ಕಲ್ಲು ಹೆಚ್ಚು ದೂರ ಬಂದಿರುವುದಿಲ್ಲ, ಆದ್ದರಿಂದ ಅದರ ಮೂಲ ಹತ್ತಿರದಲ್ಲೇ ಇರುತ್ತದೆ. ನುಣುಪಾಗಿ ಉರುಟಾದ ಕಲ್ಲಿನ ಮೂಲ ಬಹಳ ಮೇಲ್ದಂಡೆಯಲ್ಲಿ ಇರಬಹುದು.

ಖನಿಜಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಆ ಪ್ರದೇಶದ ತಳಬಂಡೆ ಗ್ರಾನೈಟೋ, ಸುಣ್ಣಕಲ್ಲೋ, ಬಸಾಲ್ಟೋ ಎಂಬುದು ಗೊತ್ತಾದರೆ ಸಾಧ್ಯತೆಗಳ ಪಟ್ಟಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬಹುತೇಕ ದೇಶಗಳ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಗಳು ಭೂವೈಜ್ಞಾನಿಕ ನಕ್ಷೆಗಳನ್ನು ಪ್ರಕಟಿಸಿವೆ. ಮಿಂಡಾಟ್ ಎಂಬ ಅಂತರಜಾಲ ಕೋಶದಲ್ಲಿ ಯಾವ ಸ್ಥಳದಲ್ಲಿ ಯಾವ ಖನಿಜ ದಾಖಲಾಗಿದೆ ಎಂಬ ಮಾಹಿತಿ ದೊರೆಯುತ್ತದೆ. ಕಲ್ಲನ್ನು ಪರೀಕ್ಷಿಸುವ ಮೊದಲು ಇವೆರಡನ್ನೂ ನೋಡುವುದು ಒಳ್ಳೆಯದು.

ಶಿಲೆ ಮತ್ತು ಖನಿಜದ ವ್ಯತ್ಯಾಸ ಗುರುತಿಸುವಾಗ ಏಕೆ ಮುಖ್ಯವಾಗುತ್ತದೆ?

ಖನಿಜಕ್ಕೆ ನಿರ್ದಿಷ್ಟ ರಾಸಾಯನಿಕ ಸಂಯೋಜನೆಯೂ ನಿರ್ದಿಷ್ಟ ಹರಳಿನ ರಚನೆಯೂ ಇರುತ್ತವೆ. ಶಿಲೆ ಎಂಬುದು ಸಾಮಾನ್ಯವಾಗಿ ಹಲವು ಖನಿಜಗಳ ಕಣಗಳು ಸೇರಿ ಆದದ್ದು. ಗಡಸುತನ, ಒರೆಯ ಬಣ್ಣ (ಪಿಂಗಾಣಿಗೆ ಉಜ್ಜಿದಾಗ ಬೀಳುವ ಪುಡಿಯದು), ಸೀಳುವ ಬಗೆ ಇವೆಲ್ಲ ಖನಿಜದ ಗುಣಗಳೇ ಹೊರತು ಶಿಲೆಯ ಗುಣಗಳಲ್ಲ. ಗ್ರಾನೈಟಿನ ಮೇಲೆ ಚಾಕುವಿನಿಂದ ಗೀರಿದರೆ ಒಂದು ಕಡೆ ಬೆಣಚುಕಲ್ಲು (ಕ್ವಾರ್ಟ್ಸ್) ಚಾಕುವನ್ನೇ ಸವೆಸುತ್ತದೆ, ಪಕ್ಕದ ಕಾಗೆಬಂಗಾರದ (ಮೈಕಾ) ಹಾಳೆ ಉಗುರಿಗೇ ಏಳುತ್ತದೆ. ಹಾಗಾಗಿ ಮೊದಲು ಭೂತಗನ್ನಡಿಯಲ್ಲಿ ನೋಡಿ ಇಡೀ ತುಂಡು ಒಂದೇ ವಸ್ತುವೋ ಅಲ್ಲವೋ ಎಂದು ನಿರ್ಧರಿಸಬೇಕು. ಒಂದೇ ವಸ್ತುವಲ್ಲವಾದರೆ ಕಣಗಳು ಹೇಗೆ ಸೇರಿಕೊಂಡಿವೆ ಎಂಬುದನ್ನು ಗಮನಿಸಬೇಕು. ಎಡೆಯಿಲ್ಲದಂತೆ ಒಂದರೊಳಗೊಂದು ಹೆಣೆದುಕೊಂಡ ಹರಳುಗಳು ಅಗ್ನಿಶಿಲೆಯ ಲಕ್ಷಣ. ಉರುಟು ಕಣಗಳನ್ನು ಬೇರೊಂದು ವಸ್ತು ಅಂಟಿಸಿದಂತೆ ಕಂಡರೆ ಅದು ಮರಳುಗಲ್ಲಿನಂಥ ಜಲಜಶಿಲೆ. ಹಾಳೆಯಂಥ ಖನಿಜಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ, ಇಲ್ಲವೇ ತಿಳಿ ಮತ್ತು ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗಿದ್ದರೆ, ಅದು ರೂಪಾಂತರ ಶಿಲೆಯಾಗಿರುವ ಸಂಭವ ಹೆಚ್ಚು.

ಇಲ್ಲಿಯವರೆಗೆ ಮಾನ್ಯತೆ ಪಡೆದ ಖನಿಜಗಳ ಸಂಖ್ಯೆ 6,000ದ ಆಸುಪಾಸಿನಲ್ಲಿದೆ. ಆ ಸಂಖ್ಯೆಯಿಂದ ಹೊಸಬರು ಎದೆಗುಂದಬೇಕಾಗಿಲ್ಲ. ಭೂಮಿಯ ಹೊರಕವಚದ ಅರ್ಧಕ್ಕೂ ಹೆಚ್ಚು ಪಾಲು ಫೆಲ್ಡ್‌ಸ್ಪಾರ್ ಗುಂಪಿನ ಖನಿಜಗಳೇ ಆಗಿವೆ. ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಕಾಗೆಬಂಗಾರ, ಪೈರಾಕ್ಸೀನ್, ಆಂಫಿಬೋಲ್, ಕ್ಯಾಲ್ಸೈಟ್ ಮತ್ತು ಕಬ್ಬಿಣದ ಆಕ್ಸೈಡ್‌ಗಳನ್ನು ಚೆನ್ನಾಗಿ ಬಲ್ಲವರು ಕೈಗೆ ಸಿಗುವ ಹೆಚ್ಚಿನ ಕಲ್ಲುಗಳನ್ನು ಗುರುತಿಸಬಲ್ಲರು.

ಬಣ್ಣ ನೋಡಿ ಹೆಸರು ಹೇಳಬಹುದೇ?

ಹೇಳಬಾರದು. ಮ್ಯಾಲಕೈಟಿನ ಹಸಿರು, ಅಜುರೈಟಿನ ನೀಲಿ, ಗಂಧಕದ ಹಳದಿ ಇಂಥ ಕೆಲವು ಬಣ್ಣಗಳು ಖನಿಜದ ಮೂಲ ಸಂಯೋಜನೆಯಿಂದಲೇ ಬರುವುದರಿಂದ ಅವನ್ನು ನಂಬಬಹುದು. ಆದರೆ ಬೆಣಚುಕಲ್ಲು, ಫ್ಲೋರೈಟ್, ಕುರುಂದದಂಥ (ಕೊರಂಡಮ್) ಖನಿಜಗಳು ಶುದ್ಧವಾಗಿದ್ದಾಗ ಬಣ್ಣವಿಲ್ಲದವು. ಅತ್ಯಲ್ಪ ಪ್ರಮಾಣದ ಬೆರಕೆಯೋ ನೈಸರ್ಗಿಕ ವಿಕಿರಣವೋ ಅವಕ್ಕೆ ನೇರಳೆ, ಹಳದಿ, ಕಂದು, ಕೆಂಪು ಹೀಗೆ ಯಾವ ಬಣ್ಣವನ್ನಾದರೂ ಕೊಡಬಲ್ಲದು. ಅದಲ್ಲದೆ ಹೊರಮೈಯ ಬಣ್ಣ ಬಹಳ ಸಲ ಕಲ್ಲಿನದೇ ಆಗಿರುವುದಿಲ್ಲ, ಗಾಳಿ ನೀರಿಗೆ ಮೈಯೊಡ್ಡಿ ಹಿಡಿದ ತುಕ್ಕಿನದಾಗಿರುತ್ತದೆ. ಆದ್ದರಿಂದ ಯಾವ ಪರೀಕ್ಷೆಯನ್ನೇ ಆಗಲಿ ಹೊಸದಾಗಿ ಒಡೆದ ಮೈಯ ಮೇಲೆ ಮಾಡಬೇಕು. ಒಳ್ಳೆಯ ಹರಳುಗಳಿರುವ ಮಾದರಿಯನ್ನು ಮಾತ್ರ ಒಡೆಯಬಾರದು. ಅಂಥದ್ದರಲ್ಲಿ ಹಿಂಬದಿಯಿಂದ ಒಂದು ಚಿಕ್ಕ ಚೂರು ತೆಗೆದುಕೊಂಡರೆ ಸಾಕು.

ಗಡಸುತನವನ್ನು ಮನೆಯಲ್ಲಿ ಹೇಗೆ ಅಳೆಯುವುದು?

ಜರ್ಮನ್ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪನವೇ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜವಾದ ಟ್ಯಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಆರ್ಥೋಕ್ಲೇಸ್ 6, ಬೆಣಚುಕಲ್ಲು 7, ಪುಷ್ಯರಾಗ (ಟೋಪಾಜ್) 8, ಕುರುಂದ 9, ವಜ್ರ 10. ಇವು ಯಾವುದು ಯಾವುದನ್ನು ಗೀರುತ್ತದೆ ಎಂಬ ಅನುಕ್ರಮವನ್ನಷ್ಟೇ ಸೂಚಿಸುತ್ತವೆ, ಎರಡು ಅಂಕಿಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಅಲ್ಲ. ಕೈ ಉಗುರು ಸುಮಾರು 2.5, ತಾಮ್ರ ಸುಮಾರು 3, ಉಕ್ಕಿನ ಚಾಕು ಮತ್ತು ಕಿಟಕಿಯ ಗಾಜು ಸುಮಾರು 5.5 ಎಂದಿಟ್ಟುಕೊಂಡರೆ ಹೆಚ್ಚಿನ ಖನಿಜಗಳನ್ನು ನಾಲ್ಕು ಗುಂಪುಗಳಾಗಿ ಬೇರ್ಪಡಿಸಬಹುದು.

ಈ ಪರೀಕ್ಷೆಯಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಗೀರಿದಾಗ ಕಾಣುವ ಗೆರೆ ನಿಜವಾದ ಗೀರೋ, ಮೆತ್ತಗಿನ ವಸ್ತು ಬಿಟ್ಟುಹೋದ ಪುಡಿಯೋ ಎಂದು ನೋಡದೆ ತೀರ್ಮಾನಿಸುವುದು ಮೊದಲನೆಯದು. ಒದ್ದೆ ಬೆರಳಿನಿಂದ ಒರಸಿದರೆ ಪುಡಿ ಹೋಗುತ್ತದೆ, ಗೀರು ಉಳಿಯುತ್ತದೆ. ಶಿಥಿಲಗೊಂಡ ಮೈಯನ್ನು ಗೀರುವುದು ಎರಡನೆಯದು. ಗಡಸುತನ 6 ಇರಬೇಕಾದ ಫೆಲ್ಡ್‌ಸ್ಪಾರ್ ಜೇಡಿಯಾಗಿ ಮಾರ್ಪಡುತ್ತಿರುವಾಗ ಉಗುರಿಗೂ ಸೋಲುತ್ತದೆ. ಹಾಗೆಯೇ ಕಣಗಳು ಸಡಿಲವಾಗಿ ಅಂಟಿಕೊಂಡ ಮರಳುಗಲ್ಲು ಪುಡಿಯಾಗುತ್ತದೆ ಎಂದಮಾತ್ರಕ್ಕೆ ಅದರ ಬೆಣಚುಕಣ ಮೆದುವಾಗಿದೆ ಎಂದಲ್ಲ.

ಒರೆ ಪರೀಕ್ಷೆಯಿಂದ ಏನು ತಿಳಿಯುತ್ತದೆ?

ಖನಿಜವನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದಾಗ ಉಳಿಯುವ ಪುಡಿಯ ಬಣ್ಣ ತುಂಡಿನ ಹೊರಬಣ್ಣಕ್ಕಿಂತ ಬಹಳ ಹೆಚ್ಚು ಸ್ಥಿರ. ನೆಲಕ್ಕೆ ಹಾಸುವ ಪಿಂಗಾಣಿ ಬಿಲ್ಲೆಯ ಹಿಂಬದಿ ಬಿಳಿಯಾಗಿದ್ದರೆ ಅದೇ ಸಾಕಾಗುತ್ತದೆ. ಹೆಮಟೈಟ್ ಕನ್ನಡಿಯಂತೆ ಹೊಳೆಯುವ ಕಪ್ಪು ಹಾಳೆಗಳಾಗಿ ಸಿಗಲಿ, ಮಣ್ಣಿನಂಥ ಕೆಂಪು ಹೆಂಟೆಯಾಗಿ ಸಿಗಲಿ, ಅದರ ಒರೆ ಕೆಂಗಂದು. ಮ್ಯಾಗ್ನೆಟೈಟಿನದು ಕಪ್ಪು, ಗೋಯಥೈಟಿನದು ಹಳದಿಗಂದು, ಸೀಸದ ಅದಿರಾದ ಗೆಲೀನಾದ್ದು ಸೀಸದ ಬೂದು. ಮೂರು ಬಗೆಯ ಕಬ್ಬಿಣದ ಆಕ್ಸೈಡ್‌ಗಳನ್ನು ಅರ್ಧ ನಿಮಿಷದಲ್ಲಿ ಬೇರ್ಪಡಿಸುವ ಇಂಥ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಗಡಸುತನ 7 ಅಥವಾ ಅದಕ್ಕೂ ಮೇಲಿನ ಖನಿಜಗಳಿಗೆ ಮಾತ್ರ ಇದು ಒದಗುವುದಿಲ್ಲ. ಅವು ಬಿಲ್ಲೆಯನ್ನೇ ಸವೆಸಿ ಬಿಳಿ ಪುಡಿ ಬೀಳಿಸುತ್ತವೆ, ಆ ಪುಡಿ ಪಿಂಗಾಣಿಯದು.

"ಗಾತ್ರಕ್ಕಿಂತ ಭಾರವಾಗಿದೆ" ಎನ್ನಿಸಿದರೆ ಅದನ್ನು ಅಂಕಿಯಲ್ಲಿ ಹೇಗೆ ಹೇಳುವುದು?

ಕೈಯ ಅಂದಾಜನ್ನು ಸಾಪೇಕ್ಷ ಸಾಂದ್ರತೆಯಾಗಿ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿಯಾಗಿ, ಬದಲಾಯಿಸಬೇಕು. ಮೊದಲು ಒಣ ಕಲ್ಲನ್ನು ತೂಗಿ. ನಂತರ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲನ್ನು ತೆಳುವಾದ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಒಣ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. 424 ಗ್ರಾಂ ತೂಗುವ ಕಲ್ಲಿಗೆ ನೀರಿನಲ್ಲಿ 160 ಬಂದರೆ ಉತ್ತರ 2.65, ಅದು ಬೆಣಚುಕಲ್ಲಿನ ಅಂಕಿ.

ಕ್ಯಾಲ್ಸೈಟ್ 2.71, ಬ್ಯಾರೈಟ್ 4.5, ಪೈರೈಟ್ 5.0, ಮ್ಯಾಗ್ನೆಟೈಟ್ 5.2, ಗೆಲೀನಾ 7.5, ಶುದ್ಧ ಚಿನ್ನ 19.3. ಬಿಳಿಯಾಗಿದ್ದೂ ಅಸಾಧಾರಣವಾಗಿ ಭಾರವೆನಿಸುವ ಕಲ್ಲು ಬಹಳ ಸಲ ಬ್ಯಾರೈಟ್ ಆಗಿರುತ್ತದೆ, ಮತ್ತು ಈ ಒಂದು ಅಂಕಿಯೇ ಅದನ್ನು ಕ್ಯಾಲ್ಸೈಟ್, ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ಗಳಿಂದ ಬೇರ್ಪಡಿಸುತ್ತದೆ. ತುಂಡಿನಲ್ಲಿ ಎರಡು ಖನಿಜಗಳು ಬೆರೆತಿದ್ದರೆ ಬರುವ ಅಂಕಿ ಅವುಗಳ ಸರಾಸರಿ ಮಾತ್ರ. ರಂಧ್ರಗಳಿರುವ ಕಲ್ಲಿನಲ್ಲಿ ಗಾಳಿ ಸಿಕ್ಕಿಕೊಂಡು ಅಂಕಿ ಕಡಿಮೆ ಬರುತ್ತದೆ. ನೀರಿನಲ್ಲಿ ಕರಗುವ ಕಲ್ಲುಪ್ಪಿನಂಥವಕ್ಕೆ ಈ ವಿಧಾನ ಸಲ್ಲದು.

ಒಡೆದ ಮೈಯನ್ನು ನೋಡಿ ಏನನ್ನು ಓದಬಹುದು?

ಹರಳಿನೊಳಗೆ ಬಂಧ ದುರ್ಬಲವಾಗಿರುವ ದಿಕ್ಕಿನಲ್ಲಿ ಖನಿಜ ಸಮತಟ್ಟಾಗಿ ಸೀಳುತ್ತದೆ. ಬೆಳಕಿನಲ್ಲಿ ತುಂಡನ್ನು ನಿಧಾನವಾಗಿ ತಿರುಗಿಸಿದಾಗ ಮೆಟ್ಟಿಲುಮೆಟ್ಟಿಲಾದ ಹಲವು ಮುಖಗಳು ಒಟ್ಟಿಗೆ ಮಿಂಚಿದರೆ ಅದು ಸೀಳು. ಕಾಗೆಬಂಗಾರಕ್ಕೆ ಒಂದೇ ದಿಕ್ಕು. ಫೆಲ್ಡ್‌ಸ್ಪಾರ್‌ಗೆ ಹೆಚ್ಚುಕಡಿಮೆ ಲಂಬಕೋನದಲ್ಲಿ ಎರಡು. ಗೆಲೀನಾ ಮತ್ತು ಕಲ್ಲುಪ್ಪು ಚಿಕ್ಕ ಚಿಕ್ಕ ಘನಗಳಾಗಿ ಒಡೆಯುತ್ತವೆ, ಕ್ಯಾಲ್ಸೈಟ್ ಓರೆಯಾದ ಪೆಟ್ಟಿಗೆಯಾಕಾರದಲ್ಲಿ. ಕಪ್ಪಗೆ ಕಾಣುವ ಪೈರಾಕ್ಸೀನ್ ಮತ್ತು ಆಂಫಿಬೋಲ್‌ಗಳನ್ನು ಬೇರ್ಪಡಿಸಲು ಸೀಳಿನ ಕೋನವೇ ದಾರಿ. ಮೊದಲನೆಯದರಲ್ಲಿ ಅದು 90 ಡಿಗ್ರಿಗೆ ಹತ್ತಿರ, ಎರಡನೆಯದರಲ್ಲಿ ಸುಮಾರು 56 ಮತ್ತು 124 ಡಿಗ್ರಿ. ಬೆಣಚುಕಲ್ಲಿಗೆ ಇಂಥ ಸೀಳಿಲ್ಲ. ಅದು ದಪ್ಪ ಗಾಜಿನಂತೆ, ಬಾಗಿದ ಏರಿಳಿತಗಳ ಮೈಬಿಟ್ಟು ಒಡೆಯುತ್ತದೆ. ಬಿಳಿ ಫೆಲ್ಡ್‌ಸ್ಪಾರ್ ಮತ್ತು ಬಿಳಿ ಬೆಣಚುಕಲ್ಲಿನ ಗೊಂದಲ ಹೊಸಬರಲ್ಲಿ ಅತ್ಯಂತ ಸಾಮಾನ್ಯವಾದದ್ದು, ಸಮತಟ್ಟಾಗಿ ಮಿಂಚುವ ಮುಖ ಇದೆಯೇ ಇಲ್ಲವೇ ಎಂದು ನೋಡಿದರೆ ಅದು ಬಗೆಹರಿಯುತ್ತದೆ.

ಆಮ್ಲದ ಹನಿ ಹಾಕಿದರೆ ನೊರೆ ಬರಬೇಕೇ?

ಕ್ಯಾಲ್ಸೈಟ್ ಇದ್ದರೆ ಸುಮಾರು ಶೇಕಡಾ 10ರ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಜೋರಾಗಿ ನೊರೆ ಏಳುತ್ತದೆ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಡಾಲಮೈಟ್ ಹಾಗಲ್ಲ, ಪುಡಿ ಮಾಡಿದಾಗ ಮಾತ್ರ ನಿಧಾನವಾಗಿ ನೊರೆಯುತ್ತದೆ. ಅಮೃತಶಿಲೆಯಂತೆ ಕಾಣುವ ಕ್ವಾರ್ಟ್ಸೈಟಿನಿಂದ ನೊರೆ ಬರುವುದಿಲ್ಲ, ಮತ್ತು ಅದು ಗಾಜನ್ನು ಗೀರುತ್ತದೆ. ವಿನೆಗರ್ ಬಳಸಿದರೆ ಗುಳ್ಳೆಗಳು ಕಡಿಮೆ, ಅದಕ್ಕಾಗಿ ಭೂತಗನ್ನಡಿಯಲ್ಲಿ ನೋಡಬೇಕು. ಆದರೂ ಮನೆಯಲ್ಲಿ ಪರೀಕ್ಷಿಸುವವರಿಗೆ ನಾನು ವಿನೆಗರ್ ಅನ್ನೇ ಹೇಳುತ್ತೇನೆ. ಕಣ್ಣಿಗೆ ರಕ್ಷಣೆಯಿಲ್ಲದೆ ಯಾವ ಆಮ್ಲವನ್ನೂ ಬಳಸಬಾರದು.

ಮರಳು ಜಾಲಿಸುವಾಗ ಬೋಗುಣಿಯ ತಳದಲ್ಲಿ ಹೊಳೆಯುವ ಹಳದಿ ಚೂರುಗಳು ಉಳಿದಿವೆ. ಅದು ಚಿನ್ನವೇ?

ಇದನ್ನು ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮೂರರಲ್ಲೊಂದು: ಶಿಥಿಲವಾಗಿ ಹೊಂಬಣ್ಣಕ್ಕೆ ತಿರುಗಿದ ಕಾಗೆಬಂಗಾರ, ಚಿನ್ನದಂತೆ ಹೊಳೆಯುವ ಕಬ್ಬಿಣದ ಸಲ್ಫೈಡ್ ಆದ ಪೈರೈಟ್, ಅಥವಾ ನಿಜವಾದ ಚಿನ್ನ. ಇವನ್ನು ಬೇರ್ಪಡಿಸಲು ರಾಸಾಯನಿಕಗಳು ಬೇಕಿಲ್ಲ.

ಮೊದಲು ಬೋಗುಣಿಯಲ್ಲಿನ ನೀರನ್ನು ಮೆಲ್ಲಗೆ ಅಲುಗಿಸಿ ನೋಡಿ. ಕಾಗೆಬಂಗಾರದ ಹಾಳೆಗಳು ಹಗುರ, ನೀರಿನೊಂದಿಗೆ ತೇಲಾಡುತ್ತವೆ. ಚಿನ್ನ ಕಪ್ಪು ಮರಳಿಗಿಂತಲೂ ಹಿಂದೆ ಉಳಿಯುತ್ತದೆ, ಏಕೆಂದರೆ ಕಪ್ಪು ಮರಳಿನ ಮ್ಯಾಗ್ನೆಟೈಟ್, ಇಲ್ಮನೈಟ್‌ಗಳ ಸಾಂದ್ರತೆ 5ರ ಸುತ್ತಮುತ್ತ ಇದ್ದರೆ ಬೆಳ್ಳಿ ಬೆರೆತ ನೈಸರ್ಗಿಕ ಚಿನ್ನದ್ದು ಸಾಮಾನ್ಯವಾಗಿ 15ಕ್ಕಿಂತ ಹೆಚ್ಚು. ಎರಡನೆಯದಾಗಿ ನೆರಳಿಗೆ ಹಿಡಿಯಿರಿ. ಕಾಗೆಬಂಗಾರ ಮತ್ತು ಪೈರೈಟ್ ಬೆಳಕು ಬಿದ್ದ ಕೋನದಲ್ಲಿ ಮಾತ್ರ ಮಿನುಗಿ, ತಿರುಗಿಸಿದಾಗ ಮಂಕಾಗುತ್ತವೆ. ಚಿನ್ನದ ಹಳದಿ ನೆರಳಿನಲ್ಲೂ ಹಾಗೆಯೇ ಇರುತ್ತದೆ. ಮೂರನೆಯ ಪರೀಕ್ಷೆಯೇ ನಿರ್ಣಾಯಕ: ಭೂತಗನ್ನಡಿಯ ಕೆಳಗೆ ಸೂಜಿಯ ಮೊನೆಯಿಂದ ಒತ್ತಿರಿ. ಚಿನ್ನ ಮೆದುಲೋಹವಾದ್ದರಿಂದ ತಗ್ಗು ಬೀಳುತ್ತದೆ ಅಥವಾ ಬಾಗುತ್ತದೆ, ಮುರಿಯುವುದಿಲ್ಲ. ಪೈರೈಟ್ ಚೂರಾಗುತ್ತದೆ. ಕಾಗೆಬಂಗಾರ ಇನ್ನೂ ತೆಳ್ಳಗಿನ ಹಾಳೆಗಳಾಗಿ ಬಿಡಿಸಿಕೊಳ್ಳುತ್ತದೆ.

ಕಲ್ಲಿನೊಳಗೆ ಹುದುಗಿರುವ ಹಳದಿ ಲೋಹದಂಥ ಕಣಕ್ಕೆ ಒರೆ ಮತ್ತು ಗಡಸುತನ ನೆರವಾಗುತ್ತವೆ. ಚಿನ್ನದ ಒರೆ ಹೊಂಬಣ್ಣವೇ. ಪೈರೈಟ್ ಮತ್ತು ಚಾಲ್ಕೋಪೈರೈಟ್‌ಗಳದು ಹಸಿರು ಛಾಯೆಯ ಕಪ್ಪು. ಪೈರೈಟಿನ ಗಡಸುತನ 6ರಿಂದ 6.5, ಅಂದರೆ ಚಾಕುವಿಗೆ ಅದು ಬಗ್ಗುವುದಿಲ್ಲ. ತಾಮ್ರದ ಅದಿರಾದ ಚಾಲ್ಕೋಪೈರೈಟ್ 3.5ರಿಂದ 4, ಚಾಕುವಿಗೆ ಗೀರುಬಿದ್ದು ಪುಡಿ ಉದುರುತ್ತದೆ, ಮತ್ತು ಅದರ ಹಳೆಯ ಮೈಮೇಲೆ ನೀಲಿ, ನೇರಳೆ ಬಣ್ಣಗಳ ಪೊರೆ ಕಟ್ಟಿರುತ್ತದೆ. ಘನಾಕಾರದ ಹರಳುಗಳು, ಅವುಗಳ ಮುಖಗಳ ಮೇಲೆ ಸಮಾನಾಂತರ ಗೆರೆಗಳು, ಸುತ್ತಿಗೆ ತಾಗಿದಾಗ ಗಂಧಕದ ವಾಸನೆ, ಇವೆಲ್ಲ ಪೈರೈಟಿನ ಗುರುತುಗಳು.

ಚಿನ್ನವನ್ನು ಬಿಡಿಸಲು ಪಾದರಸ ಬಳಸುವ ವಿಧಾನವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಅದನ್ನು ಕಾಯಿಸಿದಾಗ ಏಳುವ ಆವಿ ನರಮಂಡಲಕ್ಕೆ ಶಾಶ್ವತ ಹಾನಿ ಮಾಡುತ್ತದೆ, ಮತ್ತು ಆ ಹಾನಿ ಕಾಯಿಸಿದವರಿಗಷ್ಟೇ ನಿಲ್ಲದೆ ಮನೆಯ ಮಕ್ಕಳಿಗೂ ಹೊಳೆಯ ಮೀನಿಗೂ ತಲುಪುತ್ತದೆ.

ಕಣ್ಣಿಗೆ ಚಿನ್ನ ಕಾಣದ ಬಿಳಿ ಕಲ್ಲಿನ ಸಿರೆಯಲ್ಲೂ ಚಿನ್ನ ಇರಬಹುದೇ?

ಇರಬಹುದು. ಟನ್ನಿಗೆ ಕೆಲವೇ ಗ್ರಾಂ ಚಿನ್ನವಿರುವ ಅದಿರನ್ನು ಗಣಿಗಳು ಲಾಭದಿಂದ ತೆಗೆಯುತ್ತವೆ, ಅಷ್ಟು ಪ್ರಮಾಣ ಕಣ್ಣಿಗೆ ಕಾಣುವುದಿಲ್ಲ. ಟನ್ನಿಗೆ ಒಂದು ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಆದರೆ ಬಹುಪಾಲು ಬಿಳಿ ಬೆಣಚು ಸಿರೆಗಳಲ್ಲಿ ಲೆಕ್ಕಕ್ಕೆ ಬರುವಷ್ಟು ಚಿನ್ನ ಇರುವುದಿಲ್ಲ. ತುಕ್ಕಿನ ಬಣ್ಣದ ಗೂಡುಗಳು, ಸಲ್ಫೈಡ್ ಖನಿಜಗಳು, ಸಿರೆಯ ಇಕ್ಕೆಲದ ಬಂಡೆ ಬಣ್ಣ ಬದಲಿಸಿರುವುದು ಇವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಯೋಗ್ಯವಾದ ಸೂಚನೆಗಳು, ಪುರಾವೆಗಳಲ್ಲ. ಅಲ್ಲಿ ಕಲ್ಲನ್ನು ಪುಡಿಮಾಡಿ, ಸೀಸದ ಆಕ್ಸೈಡಿನೊಂದಿಗೆ ಕರಗಿಸಿ, ಸೀಸದಲ್ಲಿ ಸೇರಿಕೊಂಡ ಚಿನ್ನವನ್ನು ಬೇರ್ಪಡಿಸಿ ತೂಗುವ ಪುಟಪರೀಕ್ಷೆ ಶತಮಾನಗಳಿಂದ ನಡೆದುಬಂದಿದ್ದು, ಇಂದಿಗೂ ನಂಬಿಕೆಗೆ ಅರ್ಹವಾಗಿದೆ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣ ತೋರಿಸುವ ಚಿನ್ನದ ಅಂಕಿಯನ್ನು ಹಾಗೆಯೇ ನಂಬಲಾಗದು. ಕಲ್ಲಿನಲ್ಲಿರುವ ಆರ್ಸೆನಿಕ್, ಸತು, ಟಂಗ್‌ಸ್ಟನ್‌ಗಳ ಸಂಕೇತಗಳು ಚಿನ್ನದ ಸಂಕೇತಕ್ಕೆ ಹತ್ತಿರವಿದ್ದು ಸುಳ್ಳು ಅಂಕಿ ಬರುವುದುಂಟು.

ಗಾಜನ್ನು ಗೀರುವ ಪಾರದರ್ಶಕ ಹರಳು ವಜ್ರವಲ್ಲವೇ?

ಗಾಜನ್ನು ಬೆಣಚುಕಲ್ಲೂ ಗೀರುತ್ತದೆ, ಪುಷ್ಯರಾಗವೂ ಗೀರುತ್ತದೆ, ಕೆಲವು ಫೆಲ್ಡ್‌ಸ್ಪಾರ್‌ಗಳೂ ಗೀರುತ್ತವೆ. ಆದ್ದರಿಂದ ಆ ಪರೀಕ್ಷೆ ವಜ್ರದ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಆರು ಬದಿಗಳ ಕಂಬದಂತಿದ್ದು ತುದಿ ಮೊನಚಾದ, ಬದಿಗಳಲ್ಲಿ ಅಡ್ಡಗೆರೆಗಳಿರುವ ಹರಳು ಬೆಣಚುಕಲ್ಲು. ಒರಟು ವಜ್ರ ಸಾಮಾನ್ಯವಾಗಿ ಎಂಟು ತ್ರಿಕೋನ ಮುಖಗಳ ಆಕಾರದಲ್ಲಿ, ಅಂಚುಗಳು ಉರುಟಾಗಿ ಸಿಗುತ್ತದೆ. ಅದರ ಹೊಳಪಿನಲ್ಲಿ ಎಣ್ಣೆ ಸವರಿದಂಥ ಜಿಡ್ಡು ಇರುತ್ತದೆ. ಮುಖಗಳ ಮೇಲೆ ಬಹಳ ಚಿಕ್ಕ ತ್ರಿಕೋನಾಕಾರದ ಕುಳಿಗಳು ಭೂತಗನ್ನಡಿಗೆ ಕಾಣಬಹುದು. ಸಾಂದ್ರತೆ 3.52. ಪುಷ್ಯರಾಗದ ಸಾಂದ್ರತೆಯೂ ಸುಮಾರು ಅಷ್ಟೇ ಇರುವುದರಿಂದ ಅಂಕಿಯೊಂದೇ ಸಾಲದು. ಪುಷ್ಯರಾಗದಲ್ಲಿ ಹರಳಿನ ಉದ್ದಕ್ಕೆ ಅಡ್ಡವಾಗಿ ನಯವಾದ ಒಂದೇ ಸೀಳು ಇರುತ್ತದೆ.

ನಿಜವಾದ ವಜ್ರ ಸುತ್ತಿಗೆಯ ಏಟನ್ನು ತಾಳುತ್ತದೆ ಎಂಬ ಹಳೆಯ ನಂಬಿಕೆ ಎಷ್ಟೋ ಒಳ್ಳೆಯ ಹರಳುಗಳನ್ನು ಹಾಳುಮಾಡಿರಬೇಕು. ವಜ್ರ ಅತ್ಯಂತ ಗಡಸು ನಿಜ, ಆದರೆ ಅದಕ್ಕೆ ನಾಲ್ಕು ದಿಕ್ಕುಗಳಲ್ಲಿ ಪರಿಪೂರ್ಣ ಸೀಳಿದೆ, ಒಂದು ಏಟಿಗೆ ಒಡೆಯುತ್ತದೆ. ಶಾಖವಾಹಕತೆಯನ್ನು ಅಳೆಯುವ ವಜ್ರಪರೀಕ್ಷಕ ಸಾಧನಗಳು ಮುಖ ಕೊಟ್ಟ, ನಯಗೊಳಿಸಿದ ಹರಳಿಗಾಗಿ ಮಾಡಿದವು. ಒರಟು ಕಲ್ಲಿನ ಮೇಲೆ ಅವುಗಳ ಉತ್ತರ ಭರವಸೆಯದಲ್ಲ.

ಕೆಂಪು ಹರಳು ಸಿಕ್ಕಿದೆ. ಮಾಣಿಕ್ಯವೋ, ಗಾರ್ನೆಟ್ಟೋ?

ಹೆಚ್ಚಿನ ಸಲ ಗಾರ್ನೆಟ್. ಹನ್ನೆರಡು ವಜ್ರಾಕೃತಿಯ ಮುಖಗಳ ದುಂಡನೆಯ ಹರಳು ಕಾಗೆಬಂಗಾರ ತುಂಬಿದ ರೂಪಾಂತರ ಶಿಲೆಯಲ್ಲಿ ಹುದುಗಿದ್ದರೆ ಅನುಮಾನವೇ ಬೇಡ. ಮಾಣಿಕ್ಯ ಕುರುಂದದ ಕೆಂಪು ಬಗೆ. ಆರು ಬದಿಗಳ ಪೀಪಾಯಿಯಂಥ ಅಥವಾ ಚಪ್ಪಟೆ ಬಿಲ್ಲೆಯಂಥ ಆಕಾರ, ಚಪ್ಪಟೆ ಮುಖದ ಮೇಲೆ ತ್ರಿಕೋನಾಕಾರದ ಗೆರೆಗಳು, 4.0ರ ಸಾಂದ್ರತೆ, ಬೆಣಚುಕಲ್ಲನ್ನೂ ಪುಷ್ಯರಾಗವನ್ನೂ ಗೀರುವ ಗಡಸುತನ ಇವು ಅದರ ಗುರುತು. ದೀರ್ಘತರಂಗದ ನೇರಳಾತೀತ ಬೆಳಕಿನಲ್ಲಿ ಅನೇಕ ಮಾಣಿಕ್ಯಗಳು ಕೆಂಪಗೆ ಬೆಳಗುತ್ತವೆ, ಕೆಂಪು ಗಾರ್ನೆಟ್ ಬೆಳಗುವುದಿಲ್ಲ. ಕಬ್ಬಿಣದ ಅಂಶ ಹೆಚ್ಚಿರುವ ಮಾಣಿಕ್ಯ ಮಂಕಾಗಿಯೇ ಉಳಿಯಬಹುದು, ಮತ್ತು ಕೆಂಪು ಸ್ಪಿನೆಲ್ ಕೂಡ ಬೆಳಗುತ್ತದೆ. ಸ್ಪಿನೆಲ್ ಎಂಟು ಮುಖಗಳ ಹರಳಾಗಿ ಬೆಳೆಯುತ್ತದೆ, ಸಾಂದ್ರತೆ 3.6. ಇವೆರಡರ ಗೊಂದಲ ಹವ್ಯಾಸಿಗಳದಷ್ಟೇ ಅಲ್ಲ. ಬ್ರಿಟನ್ನಿನ ರಾಜಕಿರೀಟದಲ್ಲಿ ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ ಎಂದು ಹೆಸರಾದ ದೊಡ್ಡ ಕೆಂಪು ಹರಳು ವಾಸ್ತವವಾಗಿ ಸ್ಪಿನೆಲ್.

ಭಾರವಾದ, ಕಪ್ಪಗಿನ, ಆಯಸ್ಕಾಂತಕ್ಕೆ ಅಂಟುವ ಕಲ್ಲು ಉಲ್ಕಾಶಿಲೆಯೇ?

ಈ ಮೂರೂ ಗುಣಗಳು ಮ್ಯಾಗ್ನೆಟೈಟಿಗೂ, ಕಬ್ಬಿಣದ ಕುಲುಮೆಯ ಕಿಟ್ಟಕ್ಕೂ ಇವೆ. ಪರೀಕ್ಷೆಗೆಂದು ಬರುವ "ಉಲ್ಕಾಶಿಲೆ"ಗಳಲ್ಲಿ ಅತಿ ಹೆಚ್ಚಿನವು ಇವೇ. ಉಲ್ಕಾಶಿಲೆಯನ್ನು ತಳ್ಳಿಹಾಕಲು ಮೂರು ಪ್ರಶ್ನೆಗಳು ಬಹಳ ಉಪಯುಕ್ತ. ಕಲ್ಲಿನೊಳಗೆ ಗುಳ್ಳೆಯ ರಂಧ್ರಗಳಿವೆಯೇ? ಇದ್ದರೆ ಅದು ಬಹುತೇಕ ಖಚಿತವಾಗಿ ಕಿಟ್ಟ ಅಥವಾ ಜ್ವಾಲಾಮುಖಿಯ ಶಿಲೆ. ಕಣ್ಣಿಗೆ ಕಾಣುವ ಬೆಣಚುಕಲ್ಲಿನ ಹರಳುಗಳಿವೆಯೇ? ಇದ್ದರೆ ಉಲ್ಕಾಶಿಲೆಯಲ್ಲ. ಪಿಂಗಾಣಿಯ ಮೇಲೆ ಕಪ್ಪು ಅಥವಾ ಕೆಂಗಂದು ಒರೆ ದಟ್ಟವಾಗಿ ಬೀಳುತ್ತದೆಯೇ? ಬಿದ್ದರೆ ಅದು ಮ್ಯಾಗ್ನೆಟೈಟ್ ಅಥವಾ ಹೆಮಟೈಟ್.

ಈ ಮೂರನ್ನೂ ದಾಟಿದ ಕಲ್ಲಿನಲ್ಲಿ ಮುಂದಿನ ಲಕ್ಷಣಗಳನ್ನು ಹುಡುಕಬೇಕು. ವಾತಾವರಣದಲ್ಲಿ ಹೊರಮೈ ಕರಗಿ ಉಂಟಾದ ಕಪ್ಪು ಸಿಪ್ಪೆ ತೀರ ತೆಳ್ಳಗಿದ್ದು, ಒಡೆದ ಜಾಗದಲ್ಲಿ ಒಳಗಿನ ತಿಳಿಬಣ್ಣದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತದೆ. ಬೀಳುವುದನ್ನು ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಕಾಂಡ್ರೈಟ್ ಎಂಬ ಬಗೆಯವು. ಅವುಗಳ ಕತ್ತರಿಸಿದ ಮೈಯಲ್ಲಿ ಸಾಮಾನ್ಯವಾಗಿ ಮಿಲಿಮೀಟರ್ ಗಾತ್ರದ ದುಂಡು ಗೋಲಿಗಳೂ, ಅಲ್ಲಲ್ಲಿ ಹೊಳೆಯುವ ಲೋಹದ ಚುಕ್ಕಿಗಳೂ ಇರುತ್ತವೆ. ಕಬ್ಬಿಣದ ಉಲ್ಕೆಯಲ್ಲಿ ನಿಕ್ಕೆಲ್ ಬೆರೆತಿರುತ್ತದೆ. ಕತ್ತರಿಸಿ, ನಯಗೊಳಿಸಿ, ಆಮ್ಲದಲ್ಲಿ ಅದ್ದಿದಾಗ ಅವುಗಳಲ್ಲಿ ಅನೇಕವು ಒಂದನ್ನೊಂದು ದಾಟುವ ಪಟ್ಟೆಗಳ ವಿನ್ಯಾಸವನ್ನು ತೋರುತ್ತವೆ. ಭೂಮಿಯ ಮೇಲೆ ಗೊತ್ತಿರುವ ಅತಿ ದೊಡ್ಡ ಉಲ್ಕಾಶಿಲೆ, ನಮೀಬಿಯಾದ ಹೋಬಾ, ಕಬ್ಬಿಣದ ಉಲ್ಕೆಯೇ. ಅದು ಸುಮಾರು 60 ಟನ್ ತೂಗುತ್ತದೆ.

ಒಂದು ಮನವಿ: ಉಲ್ಕಾಶಿಲೆಯಿರಬಹುದೆಂದು ಅನ್ನಿಸಿದ ಕಲ್ಲಿಗೆ ನಿಯೋಡಿಮಿಯಂನ ಬಲವಾದ ಆಯಸ್ಕಾಂತವನ್ನು ತಾಗಿಸಬೇಡಿ. ಆ ಕಲ್ಲು ಹುಟ್ಟಿದ ಕಾಲದ ಕಾಂತಕ್ಷೇತ್ರದ ಗುರುತು ಅದರೊಳಗೆ ಉಳಿದಿರುತ್ತದೆ, ಒಂದೇ ಸ್ಪರ್ಶಕ್ಕೆ ಅದು ಅಳಿಸಿಹೋಗುತ್ತದೆ. ದಿಕ್ಸೂಚಿಯ ಮುಳ್ಳು ಕಲ್ಲಿನ ಬಳಿ ಅಲುಗುತ್ತದೆಯೇ ಎಂದು ನೋಡಿದರೂ ಉತ್ತರ ಸಿಗುತ್ತದೆ.

ಮೊಟ್ಟೆಯಂಥ, ಎಲೆಯಂಥ ಆಕೃತಿಯ ಕಲ್ಲು ಪಳೆಯುಳಿಕೆಯೇ?

ಕಲ್ಲಿನ ಬಿರುಕಿನಲ್ಲಿ ಜರೀಗಿಡದಂತೆ ಕವಲೊಡೆದ ಕಪ್ಪು ಚಿತ್ರ ಸಾಮಾನ್ಯವಾಗಿ ಮ್ಯಾಂಗನೀಸ್ ಆಕ್ಸೈಡ್ ಬೆಳೆದು ಆದದ್ದು. ಮೊಟ್ಟೆಯಾಕಾರದ ಕಲ್ಲು ಬಹುಪಾಲು ಕೆಸರಿನಲ್ಲಿ ಒಂದು ಚಿಕ್ಕ ಕಣದ ಸುತ್ತ ಖನಿಜ ಗಟ್ಟಿಯಾಗಿ ಉಂಟಾದ ಗುಂಡು. ಮೂಳೆ, ಚಿಪ್ಪು, ಮರಗಳ ಪಳೆಯುಳಿಕೆಯಲ್ಲಿ ಆಕಾರದ ಜೊತೆಗೆ ಒಳರಚನೆಯೂ ಇರಬೇಕು, ಅದನ್ನು ಭೂತಗನ್ನಡಿಯಲ್ಲಿ ಹುಡುಕಿ.

ಕೈಗೆತ್ತಿಕೊಳ್ಳಬಾರದ ಕಲ್ಲುಗಳು ಯಾವುವು?

ಎಳೆಎಳೆಯಾಗಿ ಬಿಡಿಸಿಕೊಳ್ಳುವ, ರೇಷ್ಮೆಯಂಥ ಹೊಳಪಿನ ಖನಿಜ ಆಸ್ಬೆಸ್ಟಾಸ್ ಆಗಿರಬಹುದು. ಅದನ್ನು ಕೆರೆಯುವುದೂ ಒಡೆಯುವುದೂ ಬೇಡ, ಅದರ ಎಳೆಗಳು ಶ್ವಾಸಕೋಶದಲ್ಲಿ ಉಳಿದು ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಕಡುಗೆಂಪಿನ, ತೀರ ಭಾರವಾದ ಸಿನ್ನಬಾರ್ ಪಾದರಸದ ಅದಿರು, ಅದನ್ನು ಕಾಯಿಸಬಾರದು. ಬೆಳ್ಳಿಬಿಳುಪಿನ ಲೋಹದಂಥ ಕಲ್ಲಿಗೆ ಸುತ್ತಿಗೆ ತಾಗಿದಾಗ ಬೆಳ್ಳುಳ್ಳಿಯ ವಾಸನೆ ಬಂದರೆ ಅದರಲ್ಲಿ ಆರ್ಸೆನಿಕ್ ಇದೆ. ಕಿತ್ತಳೆಗೆಂಪಿನ ರಿಯಾಲ್ಗರ್ ಮತ್ತು ಹೊಂಬಣ್ಣದ ಆರ್ಪಿಮೆಂಟ್‌ಗಳಲ್ಲಿಯೂ ಆರ್ಸೆನಿಕ್ ಇರುತ್ತದೆ. ಯುರೇನಿಯಂ ಖನಿಜಗಳಲ್ಲಿ ಕೆಲವು, ಉದಾಹರಣೆಗೆ ಆಟುನೈಟ್, ಹಳದಿ ಹಸಿರು ಬಣ್ಣದ್ದಾಗಿದ್ದು ನೇರಳಾತೀತ ಬೆಳಕಿನಲ್ಲಿ ಪ್ರಖರವಾಗಿ ಬೆಳಗುತ್ತವೆ. ಅಂಥವನ್ನು ಮಲಗುವ ಕೋಣೆಯಲ್ಲಿ ಇಡಬಾರದು. ಇವೆಲ್ಲ ಇರುವುದರಿಂದಲೇ ನಾಲಗೆಗೆ ತಾಗಿಸಿ ರುಚಿ ನೋಡುವ ಹಳೆಯ ಪರೀಕ್ಷೆಯನ್ನು ಯಾವ ಕಲ್ಲಿನ ಮೇಲೂ ಮಾಡಬಾರದೆಂದು ನಾನು ಹೇಳುತ್ತೇನೆ. ಬೆಣಚುಕಲ್ಲಿನಂಥ ಸಾಮಾನ್ಯ ಕಲ್ಲಿನ ಧೂಳೂ ದೀರ್ಘಕಾಲದಲ್ಲಿ ಸಿಲಿಕೋಸಿಸ್ ತರುವಂಥದ್ದು, ಆದ್ದರಿಂದ ಕತ್ತರಿಸುವಾಗಲೂ ಪುಡಿಮಾಡುವಾಗಲೂ ನೀರು ಹಾಕಿಕೊಂಡೇ ಕೆಲಸ ಮಾಡಬೇಕು. ಸುತ್ತಿಗೆ ಎತ್ತುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಪಾಳುಬಿದ್ದ ಗಣಿಯ ಬಾಯಿಯೊಳಗೆ ಯಾವ ಕಲ್ಲಿಗಾಗಿಯೂ ಇಳಿಯಬಾರದು. ಕುಸಿತದ ಜೊತೆಗೆ ಆಮ್ಲಜನಕವಿಲ್ಲದ ಗಾಳಿ ಅಲ್ಲಿ ಕಾಣದಂತೆ ನಿಂತಿರುತ್ತದೆ.

ಫೋಟೋ ನೋಡಿ ಯಾರಾದರೂ, ಅಥವಾ ಮೊಬೈಲ್ ಆ್ಯಪ್, ಗುರುತಿಸಬಹುದೇ?

ಫೋಟೋದಲ್ಲಿ ಬಣ್ಣ ಮತ್ತು ಆಕಾರವಷ್ಟೇ ಇರುತ್ತವೆ. ಗಡಸುತನ, ಒರೆ, ತೂಕ ಇರುವುದಿಲ್ಲ. ಆ್ಯಪ್ ಕೊಡುವ ಹೆಸರನ್ನು ಪರೀಕ್ಷಿಸಿ ನೋಡಬೇಕಾದ ಊಹೆಯಾಗಿ ಮಾತ್ರ ತೆಗೆದುಕೊಳ್ಳಿ. ಅನುಭವಿಗಳನ್ನು ಕೇಳುವಾಗ ಮೋಡದ ದಿನದ ಹಗಲು ಬೆಳಕಿನಲ್ಲಿ, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಒಣಗಿದ ಕಲ್ಲಿನ ಹೊರಮೈ ಮತ್ತು ಒಡೆದ ಮೈ ಎರಡರ ಚಿತ್ರವನ್ನೂ ತೆಗೆದು, ಜೊತೆಗೆ ಸಿಕ್ಕ ಪ್ರದೇಶ, ಒರೆಯ ಬಣ್ಣ, ಚಾಕುವಿನ ಪರೀಕ್ಷೆಯ ಫಲ, ಸಾಂದ್ರತೆಯ ಅಂಕಿ, ಆಯಸ್ಕಾಂತಕ್ಕೆ ಅಂಟಿತೋ ಇಲ್ಲವೋ ಇಷ್ಟನ್ನು ಬರೆದು ಕಳುಹಿಸಿದರೆ ಬರುವ ಉತ್ತರದ ಗುಣಮಟ್ಟವೇ ಬೇರೆಯಾಗುತ್ತದೆ.

ಪ್ರಯೋಗಾಲಯಕ್ಕೆ ಕಳುಹಿಸುವುದಾದರೆ ಯಾವ ಪರೀಕ್ಷೆ ಕೇಳಬೇಕು?

ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ. ಇದು ಯಾವ ಖನಿಜ ಎಂಬ ಪ್ರಶ್ನೆಗೆ ಎಕ್ಸ್-ರೇ ವಿವರ್ತನೆ ಸರಿಯಾದ ಪರೀಕ್ಷೆ. 1912ರಲ್ಲಿ ಹರಳುಗಳ ಮೂಲಕ ಹಾಯ್ದ ಎಕ್ಸ್-ಕಿರಣಗಳು ವಿನ್ಯಾಸ ಮೂಡಿಸುತ್ತವೆಂದು ಕಂಡುಬಂದ ಮೇಲೆ ಬೆಳೆದುಬಂದ ಈ ವಿಧಾನ ಪರಮಾಣುಗಳ ಜೋಡಣೆಯನ್ನೇ ಅಳೆಯುತ್ತದೆ, ಹಾಗಾಗಿ ರಾಸಾಯನಿಕವಾಗಿ ಒಂದೇ ಆಗಿರುವ ಕ್ಯಾಲ್ಸೈಟ್ ಮತ್ತು ಅರಗೊನೈಟ್, ಪೈರೈಟ್ ಮತ್ತು ಮಾರ್ಕಸೈಟ್‌ಗಳನ್ನೂ ಬೇರ್ಪಡಿಸುತ್ತದೆ. ಯಾವ ಮೂಲವಸ್ತು ಎಷ್ಟಿದೆ ಎಂಬುದಕ್ಕೆ ಎಕ್ಸ್-ರೇ ಪ್ರತಿದೀಪ್ತಿ ಇದೆ, ಆದರೆ ಅದು ಲಿಥಿಯಂ, ಬೆರಿಲಿಯಂನಂಥ ಹಗುರ ಮೂಲವಸ್ತುಗಳನ್ನು ಕಾಣದು. ಶಿಲೆಯ ಹೆಸರು ಮತ್ತು ಅದು ಹುಟ್ಟಿದ ಬಗೆ ತಿಳಿಯಬೇಕಾದರೆ ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ಕೇಳಬೇಕು. ಚಿನ್ನಕ್ಕೆ ಪುಟಪರೀಕ್ಷೆ. ಮಾದರಿಯ ಅರ್ಧವನ್ನು ಯಾವಾಗಲೂ ನಿಮ್ಮ ಬಳಿ ಉಳಿಸಿಕೊಳ್ಳಿ, ಮತ್ತು ಚಿನ್ನ ಕಲ್ಲಿನಲ್ಲಿ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದು ತುಂಡಿನ ಫಲಿತಾಂಶವನ್ನು ಇಡೀ ಸಿರೆಗೆ ಅನ್ವಯಿಸಬೇಡಿ.

ಸಿಕ್ಕ ಕಲ್ಲನ್ನು ಇಟ್ಟುಕೊಳ್ಳಲು ಅನುಮತಿ ಬೇಕೇ?

ಜಮೀನಿನ ಒಡೆಯರ ಒಪ್ಪಿಗೆ ಎಲ್ಲ ಕಡೆಯೂ ಕೇಳಲೇಬೇಕಾದದ್ದು. ಅದಕ್ಕೂ ಮೇಲೆ, ಅನೇಕ ದೇಶಗಳಲ್ಲಿ ನೆಲದಡಿಯ ಖನಿಜ ಸರ್ಕಾರದ ಸ್ವತ್ತು. ಸಂರಕ್ಷಿತ ಪ್ರದೇಶ, ಪಳೆಯುಳಿಕೆ ಮತ್ತು ಉಲ್ಕಾಶಿಲೆಗಳಿಗೆ ಪ್ರತ್ಯೇಕ ನಿಯಮಗಳಿರಬಹುದು. ಹುಡುಕಾಟಕ್ಕೆ ಹೊರಡುವ ಮೊದಲೇ ಇದನ್ನು ವಿಚಾರಿಸಬೇಕು.

ಗುರುತಿಸಿದ ಮೇಲೆ ಹೇಗೆ ತೊಳೆದು ಇಡುವುದು?

ಮೆತ್ತಗಿನ ಬ್ರಷ್ ಮತ್ತು ನೀರು ಹೆಚ್ಚಿನವಕ್ಕೆ ಸಾಕು. ಕಲ್ಲುಪ್ಪಿಗೆ ನೀರು ತಾಗಿಸಬಾರದು. ಪೈರೈಟ್, ಮಾರ್ಕಸೈಟ್‌ಗಳನ್ನು ತೊಳೆದ ಕೂಡಲೇ ಪೂರ್ತಿ ಒಣಗಿಸಬೇಕು, ತೇವ ಉಳಿದರೆ ಅವು ಆಮ್ಲ ಬಿಟ್ಟುಕೊಂಡು ಪುಡಿಯಾಗುತ್ತವೆ. ರಿಯಾಲ್ಗರ್ ಬೆಳಕಿನಲ್ಲಿ ಹಾಳಾಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿರಲಿ. ತುಕ್ಕಿನ ಕಲೆ ತೆಗೆಯಲು ಆಮ್ಲಕ್ಕೆ ಕೈಹಾಕುವ ಮೊದಲು ಮಾದರಿಯಲ್ಲಿ ಕ್ಯಾಲ್ಸೈಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರತಿ ಕಲ್ಲಿನ ಮೇಲೂ ಕಾಣದ ಬದಿಯಲ್ಲಿ ಸಂಖ್ಯೆಯೊಂದನ್ನು ಬರೆದು, ಅದೇ ಸಂಖ್ಯೆಯಡಿ ಸಿಕ್ಕ ಜಾಗ, ದಿನಾಂಕ, ಮಾಡಿದ ಪರೀಕ್ಷೆಗಳು ಮತ್ತು ಅವುಗಳ ಫಲವನ್ನು ಪುಸ್ತಕದಲ್ಲಿ ದಾಖಲಿಸಿ. ಹೆಸರಿನ ಬಗ್ಗೆ ಸಂದೇಹವಿದ್ದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯಾವ ಎರಡು ಖನಿಜಗಳ ನಡುವೆ ನಿರ್ಣಯ ಬಾಕಿಯಿದೆ ಎಂಬುದನ್ನೂ ಬರೆದಿಡಿ.